ಕೊಡಗಿನ ದಾರಿಗೆ ಯಾವ ಜೀಪು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಕೊಯ್ಲು ಮುಗಿದು ಮುಂಗಾರು ಹಿಡಿಯುವ ಮೊದಲಿನ ತಿಂಗಳುಗಳಲ್ಲಿ ಕೊಡಗಿನಲ್ಲಿ ಜೀಪಿನ ಮಾತು ಜೋರಾಗುತ್ತದೆ. ಜಿಪ್ಸಿಯೋ ಥಾರೋ, ಜಿಮ್ನಿ ಸಾಕೇ, ಹಳೆಯ ಮಹೀಂದ್ರವನ್ನೇ ರಿಪೇರಿ ಮಾಡಿಸಲೇ ಎಂದು ಕೇಳುವವರು ಬಹಳ. ತೋಟ, ಗದ್ದೆ, ಗುಡ್ಡದ ಮೇಲೊಂದು ಮನೆ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಉತ್ತರಿಸಿದ್ದೇನೆ. ಜುಲೈ ತಿಂಗಳ ರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಅವರನ್ನು ಟಾರು ರಸ್ತೆಗೆ ಮುಟ್ಟಿಸಬಲ್ಲ ಗಾಡಿ ಯಾವುದು ಎಂಬುದೇ ನನ್ನ ಅಳತೆಗೋಲು. ಸೀಟಿನ ಮೆತ್ತೆ, ಪರದೆಯ ಅಗಲ ಎಲ್ಲ ಆಮೇಲೆ.

ಕೊಡಗಿನಲ್ಲಿ ಎಲ್ಲರಿಗೂ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರ ಎಳೆಯುವ ಗಾಡಿ) ಬೇಕೇ?

ಬೇಡ. ಅಂಗಳದವರೆಗೆ ಕಾಂಕ್ರೀಟ್ ಇದ್ದರೆ ಆ ಹಣ ಉಳಿಸಿ. ಅಗತ್ಯ ಬೀಳುವುದು ಮಣ್ಣಿನ ಏರು ಇರುವವರಿಗೆ, ಅದರಲ್ಲೂ ನೆರಳು ಮರಗಳ ಕೆಳಗೆ ಹಾದುಹೋಗುವ ದಾರಿಯವರಿಗೆ. ಮಳೆ ಹಿಡಿದ ಮೇಲೆ ಅಲ್ಲಿ ಬಿಸಿಲು ಬೀಳುವುದಿಲ್ಲ. ಕೆಂಪು ಮಣ್ಣಿನ ಮೇಲೆ ಪಾಚಿ, ಪಾಚಿಯ ಮೇಲೆ ಸಿಲ್ವರ್ ಓಕ್ ಎಲೆ, ಎಲೆಯ ಅಡಿಯಲ್ಲಿ ನೀರು. ಹಿಂಬದಿ ಚಕ್ರವಷ್ಟೇ ಎಳೆಯುವ ಗಾಡಿ ಗೊಬ್ಬರದ ಚೀಲ ಹೇರಿಕೊಂಡಾಗ ಅದೇ ಏರನ್ನು ಹತ್ತಿಬಿಡುತ್ತದೆ. ಚೀಲ ಇಳಿಸಿ ಖಾಲಿ ಬರುವಾಗ ಹಿಂಭಾಗ ಹಗುರಾಗಿ ಅಲ್ಲೇ ಚಕ್ರ ಸುತ್ತುತ್ತ ನಿಲ್ಲುತ್ತದೆ. ನಿಮ್ಮ ದಾರಿಯಲ್ಲಿ ಹೀಗಾಗುತ್ತಿದ್ದರೆ ಮುಂದೆ ಓದಿ.

ನಂಬಿಕೆಗೆ ಯಾವ ಕಂಪನಿ ಮೊದಲು?

ನನ್ನ ಉತ್ತರ ಸುಜುಕಿ, ನಮ್ಮಲ್ಲಿ ಮಾರುತಿ ಹೆಸರಿನಲ್ಲಿ ಸಿಗುವುದು. ಅಂದರೆ ಹಳತರಲ್ಲಿ ಜಿಪ್ಸಿ, ಹೊಸತರಲ್ಲಿ ಜಿಮ್ನಿ. ಎರಡನೆಯದು ಥಾರ್ ತಯಾರಿಸುವ ಮಹೀಂದ್ರ, ಮೂರನೆಯದು ಫೋರ್ಸ್ ಕಂಪನಿಯ ಗೂರ್ಖಾ.

ಈ ಕ್ರಮವನ್ನು ಹಲವರು ಒಪ್ಪುವುದಿಲ್ಲ, ಆದ್ದರಿಂದ ಕಾರಣ ಹೇಳುತ್ತೇನೆ. ನಂಬಿಕೆಗೆ ಎರಡು ಮುಖಗಳಿವೆ. ಒಂದು, ಗಾಡಿ ಕೆಡದೇ ಇರುವುದು. ಇನ್ನೊಂದು, ಕೆಟ್ಟರೆ ಸಂಜೆಯೊಳಗೆ ಸರಿಯಾಗುವುದು. ಮೊದಲನೆಯದರಲ್ಲಿ ಸುಜುಕಿಯ ಪೆಟ್ರೋಲ್ ಎಂಜಿನ್‌ಗಳಿಗೆ ಎದುರಿಲ್ಲ. ಜಿಪ್ಸಿಯ 1.3 ಲೀಟರ್ ಎಂಜಿನ್ ಆಗಲಿ, ಜಿಮ್ನಿಯ 1.5 ಲೀಟರ್ ಎಂಜಿನ್ ಆಗಲಿ ಟರ್ಬೊ ಇಲ್ಲದ ಸರಳ ಯಂತ್ರಗಳು. ಎಣ್ಣೆ ಬದಲಿಸುತ್ತಿದ್ದರೆ ಸಾಕು, ವರ್ಷಾನುಗಟ್ಟಲೆ ಗೊಣಗದೆ ದುಡಿಯುತ್ತವೆ. ಎರಡನೆಯ ಮುಖದಲ್ಲಿ ಹಳೆಯ ಮಹೀಂದ್ರಗಳೇ ಗೆಲ್ಲುತ್ತವೆ. ಗೋಣಿಕೊಪ್ಪಲು, ಸಿದ್ದಾಪುರ, ಸುಂಟಿಕೊಪ್ಪ, ಸೋಮವಾರಪೇಟೆ, ಎಲ್ಲಿಗೆ ಹೋದರೂ ಹಳೆಯ ಜೀಪಿನ ಗೇರ್ ಬಾಕ್ಸನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವ ಮೇಸ್ತ್ರಿ ಸಿಗುತ್ತಾರೆ. ಗೂರ್ಖಾ ಗಟ್ಟಿ ಗಾಡಿ. ಆದರೆ ಅದರ ಬಿಡಿಭಾಗ ಮಾರುತಿ, ಮಹೀಂದ್ರಗಳದ್ದರಂತೆ ಪೇಟೆಯ ಅಂಗಡಿಯಲ್ಲಿ ಕೈಗೆಟುಕುವುದಿಲ್ಲ. ಮಳೆಗಾಲದಲ್ಲಿ ಒಂದು ಸೀಲಿಗಾಗಿ ವಾರ ಕಾಯುವುದಾದರೆ ಆ ವಾರದ ಮಟ್ಟಿಗೆ ಎಷ್ಟು ಗಟ್ಟಿಯಾದ ಗಾಡಿಯೂ ಉಪಯೋಗಕ್ಕಿಲ್ಲ.

ನಿಂತುಹೋದ ಜಿಪ್ಸಿಗೆ ಇಂದಿಗೂ ಅಷ್ಟು ಬೆಲೆ ಏಕೆ?

ಜಿಪ್ಸಿ 1985ರಲ್ಲಿ ಮಾರುಕಟ್ಟೆಗೆ ಬಂತು. 970 ಸಿಸಿಯ ಎಂಜಿನ್‌ನಿಂದ ಶುರುವಾಗಿ ಆಮೇಲೆ 1,298 ಸಿಸಿಗೆ ಏರಿತು. ಸುರಕ್ಷತೆ ಮತ್ತು ಹೊಗೆಯ ಹೊಸ ನಿಯಮಗಳ ಎದುರು 2019ರಲ್ಲಿ ಸಾರ್ವಜನಿಕ ಮಾರಾಟ ನಿಂತಿತು. ಆ ಮೇಲೆ ಬೆಲೆ ಇಳಿಯುವ ಬದಲು ಏರಿತು.

ಗುಟ್ಟು ಇರುವುದು ತೂಕದಲ್ಲಿ. ಒಂದು ಟನ್ನಿನ ಆಸುಪಾಸು ತೂಗುವ ಗಾಡಿ ಕೆಸರಿನಲ್ಲಿ ಹೂತುಕೊಳ್ಳುವುದೇ ಕಡಿಮೆ. ಹೂತರೂ ನಾಲ್ಕು ಜನ ಭುಜ ಕೊಟ್ಟರೆ ಈಚೆ ಬರುತ್ತದೆ. ಅಗಲ 1,540 ಮಿಲಿಮೀಟರ್ ಮಾತ್ರ. ಕಾಫಿ ಗಿಡಗಳ ನಡುವಿನ ದಾರಿ ಎತ್ತಿನ ಗಾಡಿಯ ಕಾಲದ್ದಾಗಿದ್ದರೆ ಈ ಅಳತೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ವಿರಾಜಪೇಟೆ, ಗೋಣಿಕೊಪ್ಪಲು ಕಡೆ ಕೊಯ್ಲಾದ ಗದ್ದೆಗಳಲ್ಲಿ ನಡೆಯುವ ಆಟೋಕ್ರಾಸ್ ಓಟದ ಸ್ಪರ್ಧೆ ನೋಡಿದವರಿಗೆ ಜಿಪ್ಸಿಯ ಮೇಲೆ ಇಲ್ಲಿನ ಯುವಕರಿಗಿರುವ ಮಮತೆ ಅರ್ಥವಾಗುತ್ತದೆ. ಆ ತಿರುವುಗಳಲ್ಲಿ ಅದು ಬಾಲ ಬೀಸಿ ಹೊರಡುವ ಚೆಂದ ಭಾರದ ಗಾಡಿಗೆ ಬರುವುದಿಲ್ಲ.

ಕೊರತೆಗಳೂ ಇವೆ. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ ಇರುವುದರಿಂದ ಹಿಂದಿನ ಅಡ್ಡ ಸೀಟಿನಲ್ಲಿ ಕೂತ ಹಿರಿಯರ ಬೆನ್ನು ನೋಯುತ್ತದೆ. ಪೆಟ್ರೋಲ್ ಕುಡಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ತುಕ್ಕು. ಕೊಳ್ಳುವಾಗ ನೆಲದ ಮ್ಯಾಟ್ ಎತ್ತಿಸಿ, ಚಾಲಕನ ಕಾಲಡಿಯ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಠಣ್ ಎಂದರೆ ಸರಿ. ಮಂದವಾಗಿ ಸದ್ದು ಬಂದು ಪೈಂಟಿನ ಹಕ್ಕಳೆ ಎದ್ದರೆ, ಮೇಲಿನ ಹೊಳಪು ಎಷ್ಟೇ ಇರಲಿ, ಬೆಲೆ ಇಳಿಸಿ ಮಾತಾಡಿ ಅಥವಾ ಬಿಟ್ಟು ಬನ್ನಿ.

ಹಳೆಯ ಮಹೀಂದ್ರ ಜೀಪು, ಎಂಎಂ 540ರಂಥದ್ದು, ಈಗ ಕೊಳ್ಳಬಹುದೇ?

ತೋಟದೊಳಗಿನ ಕೆಲಸಕ್ಕೆ ಖಂಡಿತ ಕೊಳ್ಳಬಹುದು. ಮೈಸೂರಿಗೆ ವಾರ ವಾರ ಹೋಗುವವರಿಗೆ ಬೇಡ.

ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರು ಮಾಡಿತು. ಸಿಜೆ 3ಬಿ, ಎಂಎಂ 540, ಎಂಎಂ 550, ಮೇಜರ್, ಕಮಾಂಡರ್ ಎಲ್ಲ ಆ ವಂಶದ ಮಕ್ಕಳೇ. ಎಂಎಂ 540ಗೆ ಪೂಜೊ ವಿನ್ಯಾಸದ 2,112 ಸಿಸಿ ಡೀಸೆಲ್ ಎಂಜಿನ್. ವೇಗವಿಲ್ಲ, ಸದ್ದು ಬಹಳ, ಆದರೆ ನಿಧಾನದಲ್ಲಿ ಎಳೆಯುವ ಶಕ್ತಿ ಸಮೃದ್ಧ. ಕೆಡುವಂಥ ಕಂಪ್ಯೂಟರ್ ಇಲ್ಲ. ಬ್ಯಾಟರಿ ಸತ್ತರೆ ಇಳಿಜಾರಿನಲ್ಲಿ ತಳ್ಳಿ ಹೊರಡಿಸಬಹುದು.

ಕೊಳ್ಳುವ ಮೊದಲು ಗಾಡಿಯ ಕೆಳಗೆ ನುಸುಳಿ ನೋಡಲೇಬೇಕು. ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ; ಕಟಕ್ ಎಂದರೆ ಅದರ ಕೀಲು, ಅಂದರೆ ಕ್ರಾಸ್, ಸವೆದಿದೆ. ಅದು ದೊಡ್ಡ ಖರ್ಚಲ್ಲ. ಸ್ಟೀರಿಂಗ್ ಚಕ್ರ ಅರ್ಧ ಸುತ್ತು ತಿರುಗಿದರೂ ಟೈರು ಕದಲದಿದ್ದರೆ ಅದು ದೊಡ್ಡ ಖರ್ಚು. ಗೇರ್ ಬಾಕ್ಸ್ ಮತ್ತು ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಸೇರುವ ಕಡೆ ಎಣ್ಣೆಯ ಜಿಡ್ಡು ಇರುವುದು ಸಹಜ, ಹನಿಹನಿಯಾಗಿ ತೊಟ್ಟಿಕ್ಕುವುದು ಸಹಜವಲ್ಲ. ಫೋರ್ ವೀಲ್ ಹಾಕಿಸಿ, ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಲೋ ಗೇರಿನಲ್ಲಿ ಒಂದು ಏರು ಹತ್ತಿಸಿ, ಹತ್ತುವಾಗ ಅದರ ಸನ್ನೆ (ಲಿವರ್) ತಾನಾಗಿ ಹಿಂದಕ್ಕೆ ಜಿಗಿಯುತ್ತದೆಯೇ ನೋಡಿ. ಮಾರುವವರು “ಇಲ್ಲಿ ಏರು ಎಲ್ಲಿದೆ” ಎಂದರೆ ಕೊಡಗಿನಲ್ಲಿ ಆ ಮಾತು ನಂಬಬೇಡಿ.

ಕಾಗದಪತ್ರದ ವಿಷಯ: ನೋಂದಣಿಗೆ 15 ವರ್ಷವಾದ ಖಾಸಗಿ ವಾಹನಕ್ಕೆ ನವೀಕರಣ ಆಗಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ಸೈನ್ಯದ ಹರಾಜಿನಿಂದ ಬಂದ ಜೀಪಾದರೆ ನಾಗರಿಕ ನೋಂದಣಿ ಆಗಿದೆಯೇ, ಚಾಸಿ ಸಂಖ್ಯೆ ಪುಸ್ತಕದೊಂದಿಗೆ ತಾಳೆಯಾಗುತ್ತದೆಯೇ ಎಂದು ನೋಡದೆ ಮುಂಗಡ ಕೊಡಬೇಡಿ.

ಹೊಸ ಥಾರ್ ಹೇಗೆ?

ಇಂದು ಕೊಡಗಿನ ರಸ್ತೆಗಳಲ್ಲಿ ಅತಿ ಹೆಚ್ಚು ಎದುರಾಗುವ ಹೊಸ ಜೀಪು ಇದೇ ಇರಬೇಕು. 2010ರ ಮೊದಲ ಥಾರ್ ಹಳೆಯ ಜೀಪಿನ ಅಣ್ಣತಮ್ಮನಂತಿತ್ತು. 2020ರ ಅಕ್ಟೋಬರ್ 2ರಂದು ಬಂದ ಎರಡನೆಯದು ಬೇರೆಯೇ ಗಾಡಿ. ಹಿಂದೆ ಕಾಯಿಲ್ ಸ್ಪ್ರಿಂಗ್, 226 ಮಿಲಿಮೀಟರ್ ನೆಲದೆತ್ತರ, 650 ಮಿಲಿಮೀಟರ್ ನೀರು ದಾಟುವ ಆಳ. ಡೀಸೆಲ್ 130, ಪೆಟ್ರೋಲ್ 150 ಅಶ್ವಶಕ್ತಿ. ಏರಿನಲ್ಲಿ ಉಸಿರುಗಟ್ಟುವುದೆಂಬುದೇ ಇಲ್ಲ. ಮೇಲಿನ ಮಾದರಿಗಳಲ್ಲಿ ಹಿಂದಿನ ಆಕ್ಸಲ್‌ಗೆ ತಾನಾಗಿ ಬೀಳುವ, ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಇದೆ. ಒಂದು ಚಕ್ರ ಚರಂಡಿಯ ಮೇಲೆ ಗಾಳಿಯಲ್ಲಿ ತೇಲುವಾಗ ಅದರ ಬೆಲೆ ತಿಳಿಯುತ್ತದೆ.

ಎಚ್ಚರಿಕೆಗಳು ಮೂರು. ಜನವರಿ 2023ರಿಂದ ಥಾರ್ ಎರಡು ಚಕ್ರ ಎಳೆಯುವ ಮಾದರಿಯಲ್ಲೂ ಬರುತ್ತಿದೆ. ನೋಡಲು ಅದೇ ಗಾಡಿ, ಕೆಸರಿನಲ್ಲಿ ಅದೇ ಗಾಡಿಯಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಟ್ರಾನ್ಸ್‌ಫರ್ ಕೇಸಿನ ಸನ್ನೆ ಇದೆಯೇ ನೋಡಿ. ಐದು ಬಾಗಿಲಿನ ಥಾರ್ ರಾಕ್ಸ್‌ನಲ್ಲಿ ಫೋರ್ ವೀಲ್ ಬೇಕೆಂದರೆ ಡೀಸೆಲ್ ಮಾತ್ರ. ಎರಡನೆಯದು, ಶುರುವಿನ ತಂಡದ 1,577 ಡೀಸೆಲ್ ಥಾರ್‌ಗಳನ್ನು ಕ್ಯಾಮ್‌ಶಾಫ್ಟ್ ದೋಷಕ್ಕಾಗಿ ಕಂಪನಿಯೇ 2021ರಲ್ಲಿ ವಾಪಸ್ ಕರೆಸಿ ಸರಿಪಡಿಸಿತು. 2020ರ ಕೊನೆಯ ತಿಂಗಳುಗಳ ಗಾಡಿಯಾದರೆ ಆ ಕೆಲಸ ಆಗಿದೆಯೇ ಎಂದು ಸರ್ವಿಸ್ ದಾಖಲೆಯಲ್ಲಿ ನೋಡಿ.

ಮೂರನೆಯದು ಎಲ್ಲ ಹೊಸ ಡೀಸೆಲ್‌ಗಳಿಗೂ ಅನ್ವಯಿಸುತ್ತದೆ. ಬಿಎಸ್ 6 ಎಂಬ ಹೊಗೆ ನಿಯಮಕ್ಕೆ ಒಳಪಟ್ಟ ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿಯೊಂದಿದೆ. ಆ ಮಸಿ ಸುಟ್ಟುಹೋಗಲು ಬಿಸಿ ಬೇಕು, ಬಿಸಿಗೆ ಒಂದೇ ಸಮನೆ ಓಟ ಬೇಕು. ಕಣದಿಂದ ಕಾರ್ಮಿಕರ ಲೈನ್ ಮನೆಗೆ, ಅಲ್ಲಿಂದ ಗೇಟಿಗೆ ಎಂದು ದಿನವಿಡೀ ಒಂದನೇ ಗೇರಿನಲ್ಲಿ ತಿರುಗುವ ಗಾಡಿಗೆ ಆ ಅವಕಾಶವಿಲ್ಲ. ಜರಡಿ ಕಟ್ಟಿ ದೀಪ ಹತ್ತುತ್ತದೆ. ವಾರಕ್ಕೊಮ್ಮೆ ಕುಶಾಲನಗರ ದಾಟಿ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ. ಅದು ಆಗದವರು ಪೆಟ್ರೋಲ್ ಕೊಳ್ಳಿ.

ಜಿಮ್ನಿ ಚಿಕ್ಕದಾಯಿತಲ್ಲವೇ?

ಚಿಕ್ಕದು, ಆದ್ದರಿಂದಲೇ ಒಳ್ಳೆಯದು. ಜೂನ್ 2023ರಲ್ಲಿ ಐದು ಬಾಗಿಲಿನ ಜಿಮ್ನಿ ಬಂದಾಗ ಪೇಟೆಯವರು ಬೆಲೆ ಹೆಚ್ಚೆಂದರು, ಜಾಗ ಕಡಿಮೆಯೆಂದರು. ತೋಟದವರು ನೋಡಬೇಕಾದ್ದು ಬೇರೆ. ಅಗಲ 1,645 ಮಿಲಿಮೀಟರ್, ಥಾರ್‌ನದ್ದು 1,820. ತೂಕ ಸುಮಾರು 1.2 ಟನ್. ಮುಂದೆ, ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್, ಲೋ ಗೇರ್ ಎಲ್ಲ ಮಾದರಿಗಳಲ್ಲೂ ಇದೆ. ಜಾರುವ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ಎದುರಿನ ಚಕ್ರಕ್ಕೆ ಶಕ್ತಿ ಕಳಿಸುವ ವ್ಯವಸ್ಥೆಯೂ ಇದೆ.

ಕೊರತೆ ಎಳೆತದಲ್ಲಿ. 134 ನ್ಯೂಟನ್ ಮೀಟರ್ ಟಾರ್ಕ್ ಎಂದರೆ ಥಾರ್‌ನ ಅರ್ಧಕ್ಕಿಂತ ಕಡಿಮೆ. ನಾಲ್ಕು ಜನ ಕೂತು ಸಂಪಾಜೆ ಘಾಟಿ ಹತ್ತುವಾಗ ಗೇರ್ ಇಳಿಸುತ್ತಲೇ ಇರಬೇಕಾಗುತ್ತದೆ. ಭಾರ ಹೊರಿಸುವ ಗಾಡಿ ಇದಲ್ಲ. ಮನೆಯವರನ್ನು ಕ್ಷೇಮವಾಗಿ ಹೊರಗೆ ತರುವ ಗಾಡಿ.

ಗೂರ್ಖಾ ಯಾರಿಗೆ?

ದಾರಿಯೇ ಇಲ್ಲದ ಕಡೆ ಮನೆ ಇರುವವರಿಗೆ, ಮತ್ತು ಎರಡನೆಯ ವಾಹನ ಇರುವವರಿಗೆ. ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ ಕೈಯಿಂದ ಹಾಕುವ ಲಾಕ್ ಕಾರ್ಖಾನೆಯಿಂದಲೇ ಬರುತ್ತದೆ. ಗಾಳಿ ಎಳೆಯುವ ಸ್ನಾರ್ಕೆಲ್ ಕೂಡ. 700 ಮಿಲಿಮೀಟರ್ ನೀರು ದಾಟಬಹುದು. ಎಂಜಿನ್ ಮರ್ಸಿಡಿಸ್ ಮೂಲದ 2.6 ಲೀಟರ್ ಡೀಸೆಲ್. 2024ರಲ್ಲಿ ಅದನ್ನು 140 ಅಶ್ವಶಕ್ತಿಗೆ ಏರಿಸಿ ಐದು ಬಾಗಿಲಿನ ಮಾದರಿಯನ್ನೂ ತಂದರು. ಆದರೆ ತೂಕ ಎರಡು ಟನ್ ದಾಟುತ್ತದೆ. ಗದ್ದೆಯ ಅಂಚಿನ ಮೆತ್ತನೆ ಮಣ್ಣಿನಲ್ಲಿ ಅಷ್ಟು ಭಾರ ಇಳಿದರೆ ಎಳೆಯಲು ಟ್ರ್ಯಾಕ್ಟರ್ ಬೇಕು.

ಪಿಕಪ್ ಕೊಂಡರೆ?

ಕಾಫಿ ಚೀಲ, ಗೊಬ್ಬರ, ಪಂಪ್‌ಸೆಟ್ ಸಾಗಿಸುವುದೇ ಮುಖ್ಯವಾದರೆ ಫೋರ್ ವೀಲ್ ಇರುವ ಬೊಲೆರೊ ಕ್ಯಾಂಪರ್ ಎಲ್ಲ ಜೀಪುಗಳಿಗಿಂತ ಲಾಭ. ಇಸುಜು ವಿ ಕ್ರಾಸ್, ಬಿಡದಿಯಲ್ಲಿ ತಯಾರಾಗುವ ಟೊಯೋಟ ಹೈಲಕ್ಸ್ ಇವು ಉತ್ತಮ ಯಂತ್ರಗಳೇ, ಆದರೆ ಐದು ಮೀಟರ್ ದಾಟುವ ಉದ್ದ ತೋಟದ ಹೇರ್‌ಪಿನ್ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುವುದಿಲ್ಲ.

ಓಡಿಸುವ ರೀತಿಯಲ್ಲಿ ಇವುಗಳ ನಡುವೆ ವ್ಯತ್ಯಾಸವೇನು?

ಬಹಳ ಇದೆ. ಒಂದು ಗಾಡಿಯ ಅಭ್ಯಾಸವನ್ನು ಇನ್ನೊಂದಕ್ಕೆ ತಂದಾಗಲೇ ಹೆಚ್ಚಿನ ಅವಘಡಗಳಾಗುತ್ತವೆ.

ಜಿಪ್ಸಿ, ಜಿಮ್ನಿಗಳಿಗೆ ಬೇಕಾದದ್ದು ಓಘ. ಏರಿನ ಬುಡದಲ್ಲೇ ಗೇರ್ ಆರಿಸಿಕೊಂಡು ಎಂಜಿನ್ನನ್ನು ಮೇಲಿನ ಸುತ್ತಿನಲ್ಲಿ ಇಟ್ಟು ನಿಲ್ಲದೆ ಹತ್ತಬೇಕು. ನಡುವೆ ಗೇರ್ ಬದಲಿಸಲು ಕ್ಲಚ್ ಒತ್ತಿದರೆ ಓಘ ಸತ್ತು ಗಾಡಿ ಹಿಂದಕ್ಕೆ ಜಾರುತ್ತದೆ. ಹಳೆಯ ಡೀಸೆಲ್ ಜೀಪಿಗೆ ಇದರ ವಿರುದ್ಧ. ಲೋ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಮೇಲೆ ಕಾಲಿನ ಭಾರ ಮಾತ್ರ ಇಟ್ಟರೆ ಅದು ತಾನಾಗಿ ತೆವಳಿಕೊಂಡು ಹೋಗುತ್ತದೆ. ಅವಸರ ಮಾಡಿದರೆ ಚಕ್ರ ಸುತ್ತಿ ಗುಂಡಿ ತೋಡುತ್ತದೆ. ಥಾರ್‌ಗೆ ಎರಡೂ ಬರುತ್ತದೆ, ಆದರೆ ಟರ್ಬೊ ಒಮ್ಮೆಲೆ ನುಗ್ಗುವುದರಿಂದ ಕಾಲು ಹಗುರವಾಗಿರಬೇಕು. ಗೂರ್ಖಾದಲ್ಲಿ ಲಾಕ್ ಹಾಕುವ ಸಮಯ ಅರಿತಿರಬೇಕು: ಸಿಕ್ಕಿಕೊಂಡ ಮೇಲಲ್ಲ, ಸಿಕ್ಕಿಕೊಳ್ಳುವ ಜಾಗಕ್ಕೆ ಇಳಿಯುವ ಮೊದಲು. ಮುಂದಿನ ಲಾಕ್ ಬಿದ್ದಾಗ ಸ್ಟೀರಿಂಗ್ ಬಿಗಿಯಾಗುತ್ತದೆ, ತಿರುವಿನಲ್ಲಿ ಅದನ್ನು ಬಿಡಿಸಿ.

ಇಳಿಯುವುದು ಹತ್ತುವುದಕ್ಕಿಂತ ಅಪಾಯ. ಯಾವ ಕಂಪನಿಯದಾದರೂ ನಿಯಮ ಒಂದೇ. ಇಳಿಜಾರಿನ ತಲೆಯಲ್ಲಿ ನಿಂತು ಲೋ ಒಂದನೇ ಗೇರ್ ಹಾಕಿ, ಎರಡೂ ಕಾಲುಗಳನ್ನು ಪೆಡಲ್‌ನಿಂದ ತೆಗೆಯಿರಿ. ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಬ್ರೇಕ್ ಒತ್ತಿದರೆ ಚಕ್ರ ಕಟ್ಟುತ್ತದೆ, ಕಟ್ಟಿದ ಚಕ್ರ ಪಾಚಿಯ ಮೇಲೆ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಹಿಂಭಾಗ ಅಡ್ಡ ತಿರುಗಲು ತೊಡಗಿದರೆ ತುಸು ಆಕ್ಸಿಲರೇಟರ್ ಕೊಟ್ಟು ಗಾಡಿಯನ್ನು ನೆಟ್ಟಗೆ ಮಾಡಿ. ಮನಸ್ಸು ಬ್ರೇಕ್ ಎನ್ನುತ್ತದೆ, ಕೇಳಬೇಡಿ. ಥಾರ್, ಜಿಮ್ನಿಗಳಲ್ಲಿ ಇಳಿಜಾರು ನಿಯಂತ್ರಣದ ಗುಂಡಿ ಇದೆ. ಹೊಸಬರಿಗೆ ಅದು ದೊಡ್ಡ ಆಸರೆ.

ಆನೆ ತಿರುಗುವ ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆಯವರು ಇನ್ನೊಂದನ್ನು ಗಮನಿಸಬೇಕು: ಹಿಂದಕ್ಕೆ ಓಡಿಸುವ ಸುಲಭ. ತಿರುವಿನಲ್ಲಿ ಎದುರಾದಾಗ ತಿರುಗಿಸಲು ಜಾಗವಿರುವುದಿಲ್ಲ, ರಿವರ್ಸ್ ಒಂದೇ ದಾರಿ. ಚಿಕ್ಕ, ಕಿರಿದಾದ ಗಾಡಿಗೆ ಅಲ್ಲಿ ಸ್ಪಷ್ಟ ಮೇಲುಗೈ. ಥಾರ್‌ನ ಹಿಂದಿನ ಕಿಟಕಿಯನ್ನು ಸ್ಟೆಪ್ನಿ ಮರೆಮಾಡುತ್ತದೆ, ಕ್ಯಾಮೆರಾ ಮತ್ತು ಒಳ್ಳೆಯ ರಿವರ್ಸ್ ದೀಪ ಹಾಕಿಸಿಕೊಳ್ಳಿ.

ಟಾರು ರಸ್ತೆಯಲ್ಲೂ ಫೋರ್ ವೀಲ್ ಹಾಕಿಡಬಹುದೇ?

ಬೇಡ. ಇವೆಲ್ಲವುಗಳಲ್ಲೂ ಮುಂದಿನ ಮತ್ತು ಹಿಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗುವಂತೆ ಬೆಸೆದುಕೊಳ್ಳುತ್ತವೆ. ಒಣ ಟಾರಿನ ತಿರುವಿನಲ್ಲಿ ಚಕ್ರಕ್ಕೆ ಜಾರಲು ಅವಕಾಶ ಸಿಗದೆ ಹೊರೆ ಗೇರುಗಳ ಮೇಲೆ ಬೀಳುತ್ತದೆ. ಕೆಸರು ದಾಟಿದ ತಕ್ಷಣ ತೆಗೆಯಿರಿ.

ಟೈರು ಯಾವುದು? ಸರಪಳಿ ಕಟ್ಟಬಹುದೇ?

ಹೆಚ್ಚಿನವರಿಗೆ ಟಾರಿಗೂ ಮಣ್ಣಿಗೂ ಒಗ್ಗುವ ಆಲ್ ಟೆರೇನ್ ಟೈರು ಸಾಕು. ಆಳ ಹಲ್ಲಿನ ಮಡ್ ಟೈರು ತೋಟದಲ್ಲಿ ಅದ್ಭುತ, ಆದರೆ ಮಳೆಯಲ್ಲಿ ನೆಂದ ಟಾರಿನ ಮೇಲೆ ಬ್ರೇಕಿನ ಹಿಡಿತ ಕಡಿಮೆ, ಮತ್ತು ನಮ್ಮ ಟಾರೆಲ್ಲ ತಿರುವುಗಳೇ. ಅಗಲದ ಟೈರು ಹಾಕಿಸುವ ಹುಚ್ಚು ಬೇಡ. ನಮ್ಮಲ್ಲಿ ಕೆಸರು ಮೇಲ್ಪದರ ಮಾತ್ರ, ಕೆಳಗೆ ಗಟ್ಟಿ ನೆಲವಿದೆ. ಕಿರಿದಾದ ಟೈರು ಕೆಸರನ್ನು ಸೀಳಿಕೊಂಡು ಆ ನೆಲ ಮುಟ್ಟುತ್ತದೆ. ಚಕ್ರಕ್ಕೆ ಸರಪಳಿ ಕಟ್ಟುವುದು ಮಲೆನಾಡಿನ ಹಳೆಯ ಉಪಾಯ, ಇಂದಿಗೂ ಅದಕ್ಕೆ ಸಮ ಇಲ್ಲ. ಬಿಗಿಯಾಗಿ ಕಟ್ಟಿ, ನಿಧಾನ ಓಡಿಸಿ, ಟಾರಿಗೆ ಬರುವ ಮೊದಲು ಬಿಚ್ಚಿ.

ತುಂಬಿದ ಕೊಲ್ಲಿ (ಹಳ್ಳ) ದಾಟಬಹುದೇ? ಒಳ್ಳೆಯ ಜೀಪಿದ್ದರೆ ಎಲ್ಲಿಗೂ ಹೋಗಬಹುದಲ್ಲ?

ಕಂಪನಿ ಹೇಳುವ 650, 700 ಮಿಲಿಮೀಟರ್ ನಿಂತ ನೀರಿನ ಲೆಕ್ಕ. ಹರಿಯುವ ನೀರು ಅದಕ್ಕಿಂತ ಬಹಳ ಕಡಿಮೆ ಆಳದಲ್ಲೇ ಗಾಡಿಯನ್ನು ಎತ್ತುತ್ತದೆ. ತಳ ಕಾಣದಿದ್ದರೆ ಇಳಿಯಬೇಡಿ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತ ಸ್ವಲ್ಪ ದೂರ ಓಡಿಸಿ ಒಣಗಿಸಿ. ಹಳೆಯ ಡ್ರಮ್ ಬ್ರೇಕಿನ ಜೀಪುಗಳಲ್ಲಿ ಇದನ್ನು ಮರೆತರೆ ಮುಂದಿನ ಇಳಿಜಾರಿನಲ್ಲಿ ಕಾಲಿಗೆ ಏನೂ ಸಿಗುವುದಿಲ್ಲ.

ಆಗಸ್ಟ್ 2018ರಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ಹೆದ್ದಾರಿಯೇ ಕಡಿದುಹೋಯಿತು. ಅಲ್ಲಿನ ಜನ ಕಾಡುದಾರಿಯಲ್ಲಿ ನಡೆದು ಪಾರಾದರು. ನೆಲವೇ ಜಾರುವಾಗ ಯಾವ ಕಂಪನಿಯ ಯಾವ ಗೇರೂ ಕಾಯುವುದಿಲ್ಲ. ರಸ್ತೆಯಂಚಿನಲ್ಲಿ ಹೊಸ ಬಿರುಕು, ವಾಲಿದ ಮರ, ಗುಡ್ಡದ ಬದಿಯಿಂದ ಒಮ್ಮೆಲೆ ಕೆಂಪಾದ ಒರತೆ ಕಂಡರೆ ಗಾಡಿಯನ್ನು ಹಿಂದಕ್ಕೆ ತಿರುಗಿಸಿ.

ಬಂಪರ್, ದೊಡ್ಡ ಚಕ್ರ, ಬಾಡಿ ಬದಲಾಯಿಸಿಕೊಳ್ಳಬಹುದೇ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ ಜನವರಿ 2019ರಲ್ಲಿ ಹೇಳಿದೆ. ಅಪಘಾತವಾದಾಗ ವಿಮೆಯವರು ಹಿಡಿಯುವ ಮೊದಲ ಎಳೆಯೂ ಇದೇ.

ಜೀಪನ್ನು ಪ್ರವಾಸಿಗರ ಮಾಂದಲಪಟ್ಟಿ ಬೆಟ್ಟಕ್ಕೆ ಬಾಡಿಗೆಗೆ ಬಿಡಬಹುದೇ?

ಬಿಳಿ ಬೋರ್ಡಿನಲ್ಲಿ ಆಗದು, ಹಳದಿ ಬೋರ್ಡ್ ಬೇಕು. ಅಲ್ಲಿ ದುಡಿಯುವುದು ಬಹುಪಾಲು ಹಳೆಯ ಮಹೀಂದ್ರಗಳೇ. ಕಲ್ಲಿನ ದಾರಿಯಲ್ಲಿ ದಿನವೂ ಹತ್ತಿಳಿಯುವ ಗಾಡಿಯ ಸ್ಪ್ರಿಂಗ್ ಪಟ್ಟಿ, ಬುಷ್, ಕ್ಲಚ್ ಬೇಗ ಸವೆಯುತ್ತವೆ. ಅವನ್ನು ಅಗ್ಗವಾಗಿ ಬದಲಿಸಲು ಆಗುವುದು ಆ ಗಾಡಿಗಳಲ್ಲಿ. ದಾರಿ ಬಿಟ್ಟು ಹುಲ್ಲುಗಾವಲಿಗೆ ಚಕ್ರ ಇಳಿಸುವವರನ್ನು ದಯವಿಟ್ಟು ತಡೆಯಿರಿ. ಟೈರು ಕಿತ್ತ ಆ ಹುಲ್ಲಿನ ಗೆರೆಯಲ್ಲೇ ಮುಂದಿನ ಮಳೆಯ ನೀರು ಹರಿದು ಕೊರಕಲು ಬೀಳುತ್ತದೆ.

ಕೊಳ್ಳುವ ಮೊದಲು ಪರೀಕ್ಷೆ ಎಲ್ಲಿ ಮಾಡಬೇಕು?

ನಿಮ್ಮದೇ ದಾರಿಯಲ್ಲಿ. ಷೋರೂಮಿನ ಮುಂದಿನ ಟಾರಿನಲ್ಲಿ ಎಲ್ಲ ಗಾಡಿಯೂ ಚೆನ್ನ. ಪರೀಕ್ಷೆಯ ಗಾಡಿಯನ್ನು ತೋಟಕ್ಕೆ ಕಳಿಸಿ ಎಂದು ಕೇಳಿ, ಮಾರಾಟದವರು ಹೆಚ್ಚಾಗಿ ಒಪ್ಪುತ್ತಾರೆ. ಸಾಧ್ಯವಾದರೆ ಮೊದಲ ಮಳೆ ಬಿದ್ದ ಮಾರನೆಯ ದಿನ ಕರೆಸಿ. ಅತಿ ಕಿರಿದಾದ ಗೇಟು, ಅತಿ ಕಡಿದಾದ ತಿರುವು ಎರಡರಲ್ಲೂ ಹಾಯಿಸಿ, ಮನೆಯ ಹಿರಿಯರನ್ನು ಹಿಂದಿನ ಸೀಟಿಗೆ ಹತ್ತಿಸಿ ಇಳಿಸಿ ನೋಡಿ. ರಾತ್ರಿ ಗಾಡಿ ಓಡಿಸಬೇಕಾದವರು ನಿಮ್ಮ ಪತ್ನಿಯೋ ಮಗಳೋ ಆಗಿದ್ದರೆ ಅಂದು ಸ್ಟೀರಿಂಗ್ ಹಿಡಿಯಬೇಕಾದವರೂ ಅವರೇ.